ತಿರುವಿಗೆ ಮೊದಲು

ಅಂತೂರ-ಬೆಂತೂರ ನಮ್ಮದು ಎರೆಹೊಲದ ಊರು. ಚಕ್ಕಡಿ ಹೊಡೆಯುವವನ ಜಾಣತನ ಇಲ್ಲಿ ನೆಟ್ಟಗಿನ ದಾರಿಯಲ್ಲಿ ತಿಳಿಯುವುದಿಲ್ಲ, ತಿರುಗಿಸುವಾಗ ತಿಳಿಯುತ್ತದೆ. ಒಳಗಿನ ಎತ್ತನ್ನು ತಡೆದು ಹೊರಗಿನದನ್ನು ಮುಂದೆ ಬಿಡಬೇಕು. ಅದೂ ತಿರುವು ಬರುವ ಮೊದಲೇ. ದೂರದ ಜರ್ಮನಿಯ ಪಂದ್ಯದ ದಾರಿಗೂ ಈ ಮಾತು ಸಲ್ಲುತ್ತದೆಂದು ನನಗೆ ಮನದಟ್ಟಾದದ್ದು ಕಂಪ್ಯೂಟರಿನ ಮುಂದೆ.

ಐಫೆಲ್ ಗುಡ್ಡಗಳ ನಡುವಿನ ನ್ಯೂರ್ಬರ್ಗ್‌ರಿಂಗ್ ದಾರಿ ತೆರೆದದ್ದು 1927ರಲ್ಲಿ. ಅದರ ಉತ್ತರದ ಸುತ್ತೊಂದೇ 20 ಕಿಲೋಮೀಟರಿಗೂ ಹೆಚ್ಚು. ಅಲ್ಲಿ 'ಕರುಸೆಲ್' ಎಂಬ ಎಡತಿರುವಿದೆ. ಏರು ಹತ್ತಿ ಬರುವವನಿಗೆ ಅದು ಮುಂಚೆ ಕಾಣುವುದೇ ಇಲ್ಲ. ಅದರ ಒಳಮಗ್ಗುಲಲ್ಲಿ ನೀರು ಹರಿಯಲೆಂದು ಒಂದು ಕಾಲುವೆ ಇತ್ತು. ಚಾಲಕರು ಅದಕ್ಕೇ ಗಾಲಿ ಇಳಿಸಿ, ವಾಲಿದ ನೆಲದ ಆಸರೆಯಲ್ಲಿ ಬೇಗ ತಿರುಗಲು ಕಲಿತರು. ಮುಂದೆ ಅಲ್ಲಿಗೆ ಕಾಂಕ್ರೀಟು ಬಂತು. ಉದ್ಘಾಟನೆಯ ಪಂದ್ಯ ಗೆದ್ದ ರುಡಾಲ್ಫ್ ಕರಾಚಿಯೋಲಾನ ಹೆಸರು ಇಂದು ಆ ತಿರುವಿಗಿದೆ.

1998ರಲ್ಲಿ ಬಂದ 'ಗ್ರ್ಯಾಂಡ್ ಪ್ರಿ ಲೆಜೆಂಡ್ಸ್' ಎಂಬ ಕಂಪ್ಯೂಟರ್ ಆಟದಲ್ಲಿ 1967ರ ಕಾರುಗಳೂ ಇವೆ, ಈ ದಾರಿಯೂ ಇದೆ. ಅಣ್ಣನ ಮಗ ಅದನ್ನು ತಂದು, ಮೇಜಿಗೆ ಸ್ಟೇರಿಂಗ್ ಬಿಗಿದ. ಇಬ್ಬರೂ ಸರದಿಯಂತೆ ಕುಳಿತೆವು. ತಿರುವು ಕಾಣದಿದ್ದರೂ ಏರಿನಲ್ಲೇ ಬ್ರೇಕು ಹಾಕಬೇಕು. ಅವಸರದಿಂದ ಒಳಗೆ ಹೊಕ್ಕರೆ ಕಾರು ಬೋಗುಣಿಯಿಂದ ಹೊರಕ್ಕೆ ಸಿಡಿಯುತ್ತದೆ. ಕೊಂಚ ತಡೆದು ಎಡಗಾಲಿಗಳನ್ನು ಇಳಿಸಿದರೆ ಕಾಂಕ್ರೀಟೇ ಹಿಡಿದುಕೊಳ್ಳುತ್ತದೆ. ಆಮೇಲೆ ಸ್ಟೇರಿಂಗಿನೊಡನೆ ಗುದ್ದಾಡಬಾರದು; ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಒತ್ತಬೇಕು. ಕೈ ಕಲಿಯುವ ಮೊದಲು ಕಣ್ಣು ಕಲಿಯಬೇಕಾಯಿತು.

ಇದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಎಡ್ವಿನ್ ಲಿಂಕ್ ನೆಲದ ಮೇಲೇ ಅಲುಗಾಡುವ ಸುಳ್ಳು ವಿಮಾನವೊಂದನ್ನು 1929ರಲ್ಲಿ ಮಾಡಿದ. 1934ರಲ್ಲಿ ಟಪಾಲು ಹೊತ್ತು ಕೆಟ್ಟ ಹವೆಯಲ್ಲಿ ಹಾರಿದ ಪೈಲಟರು ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಅಲ್ಲಿನ ಸೇನೆ ಅಂಥ 6 ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಅಸಂಖ್ಯ ಪೈಲಟರು ಅದರಲ್ಲೇ ಕಲಿತವರು. 1996ರಲ್ಲಿ ಜಾಕ್ ವಿಲ್‌ನವ್ ಬೆಲ್ಜಿಯಂನ ಸ್ಪಾ ದಾರಿಯನ್ನು ಕಂಪ್ಯೂಟರ್ ಆಟದಲ್ಲಿ ಅಭ್ಯಾಸ ಮಾಡಿ ಹೋಗಿ, ಅಲ್ಲಿನ ತನ್ನ ಮೊದಲ ಪಂದ್ಯದಲ್ಲೇ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟ.

ಆದರೆ ಪರದೆಯ ಮೇಲೆ ಕಾರು ಪಲ್ಟಿಯಾದರೆ ಗುಂಡಿ ಒತ್ತಿ ಮತ್ತೆ ಹೊರಡಬಹುದು. ನಿಕಿ ಲೌಡಾ 1976ರಲ್ಲಿ ಸುಟ್ಟುಕೊಂಡು ಸಾವಿನ ಬಾಗಿಲು ತಟ್ಟಿ ಬಂದದ್ದು ಇದೇ ಉತ್ತರದ ಸುತ್ತಿನಲ್ಲಿ. ಫಾರ್ಮುಲಾ ಒನ್ ಪಂದ್ಯ ಆ ಸುತ್ತಿಗೆ ಮತ್ತೆ ಬರಲಿಲ್ಲ.

ಅಣ್ಣನ ಮಗ ಈಗ ಲಾರಿ ನಡೆಸುತ್ತಾನೆ. ಯಲ್ಲಾಪುರ ದಾಟಿ ಅಂಕೋಲೆಯ ಕಡೆ ಅರಬೈಲು ಘಟ್ಟ ಇಳಿಯುವ ದಿನ ಮನೆಯವರಿಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಆಟದಿಂದ ಉಪಯೋಗವಾಯಿತೇನಪಾ ಎಂದು ಒಮ್ಮೆ ಕೇಳಿದೆ. "ಆಗೇದ್ರಿ ಕಾಕಾ, ತಿರುವಿಗೆ ಮೊದಲ ಗೇರ್ ಇಳಸೂದು ರೂಢಿ ಆತು. ಆದ್ರ ಹಿಂದ ಲೋಡ್ ದಬ್ಬತೈತಲ್ಲ, ಅದನ್ನ ಮಾತ್ರ ಆ ಆಟ ಕಲಿಸಲಿಲ್ಲ" ಎಂದ.