ಶಸ್ತ್ರಾಸ್ತ್ರ ಪರವಾನಗಿ: ಅರ್ಜಿ, ಸುರಕ್ಷಿತ ಸಂಗ್ರಹಣೆ ಮತ್ತು ಗುಂಡು ಹಾರಿಸುವಿಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಬಂದೂಕು, ರಿವಾಲ್ವರ್, ಪಿಸ್ತೂಲು ಮುಂತಾದ ಶಸ್ತ್ರಗಳನ್ನು ಪಡೆಯಲು, ಇಟ್ಟುಕೊಳ್ಳಲು ಮತ್ತು ಒಯ್ಯಲು ಶಸ್ತ್ರಾಸ್ತ್ರ ಕಾಯ್ದೆ, 1959ರ 3ನೇ ಪ್ರಕರಣದಂತೆ ಪರವಾನಗಿ ಕಡ್ಡಾಯವಾಗಿರುತ್ತದೆ. ಪರವಾನಗಿ ನೀಡುವ ವಿಧಾನವನ್ನು ಶಸ್ತ್ರಾಸ್ತ್ರ ನಿಯಮಗಳು, 2016ರಲ್ಲಿ ವಿವರಿಸಲಾಗಿದೆ. ಕಾಯ್ದೆಗೆ 2019ರಲ್ಲಿ ಮಹತ್ವದ ತಿದ್ದುಪಡಿಗಳಾಗಿವೆ. ಪರವಾನಗಿಯು ಶಸ್ತ್ರವನ್ನು ಹೊಂದಲು ನೀಡುವ ಅನುಮತಿಯೇ ಹೊರತು ಅದನ್ನು ಇಚ್ಛಾನುಸಾರ ಬಳಸಲು ನೀಡುವ ಅನುಮತಿಯಲ್ಲ ಎಂಬುದನ್ನು ಅರ್ಜಿದಾರರು ಮೊದಲಿಗೇ ಗಮನಿಸತಕ್ಕದ್ದು.

1. ಪರವಾನಗಿ ಪ್ರಾಧಿಕಾರ

ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ಜಿಲ್ಲಾ ದಂಡಾಧಿಕಾರಿಗಳ ನೆಲೆಯಲ್ಲಿ ಪರವಾನಗಿ ಪ್ರಾಧಿಕಾರವಾಗಿರುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ ಮುಂತಾದ ಪೊಲೀಸ್ ಆಯುಕ್ತಾಲಯಗಳ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರು ಈ ಅಧಿಕಾರವನ್ನು ಹೊಂದಿರುತ್ತಾರೆ. ಅರ್ಜಿದಾರರು ತಾವು ವಾಸವಾಗಿರುವ ವ್ಯಾಪ್ತಿಯ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು.

2. ಅರ್ಹತೆ

ಅ) ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಗುರಿ ಅಭ್ಯಾಸದ ತರಬೇತಿಗೆ ಮಾತ್ರ ನಿಯಮಗಳಲ್ಲಿ ಪ್ರತ್ಯೇಕ ಅವಕಾಶವಿದೆ.
ಆ) ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಕಾರಾಗೃಹ ಶಿಕ್ಷೆಗೆ ಒಳಗಾದವರು ಶಿಕ್ಷೆಯ ಅವಧಿ ಮುಗಿದು 5 ವರ್ಷಗಳಾಗುವವರೆಗೆ ಅರ್ಹರಾಗಿರುವುದಿಲ್ಲ.
ಇ) ಶಾಂತಿಪಾಲನೆಗಾಗಿ ಅಥವಾ ಸನ್ನಡತೆಗಾಗಿ ಮುಚ್ಚಳಿಕೆ ಬರೆದುಕೊಡುವಂತೆ ಆದೇಶಿಸಲ್ಪಟ್ಟವರು ಮುಚ್ಚಳಿಕೆಯ ಅವಧಿಯಲ್ಲಿ ಶಸ್ತ್ರ ಹೊಂದುವಂತಿಲ್ಲ.
ಈ) ಮಾನಸಿಕ ಅಸ್ವಸ್ಥತೆ ಇರುವವರಿಗೆ ಪರವಾನಗಿಯನ್ನು ನಿರಾಕರಿಸಲಾಗುವುದು.

ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರಿಗೂ ಪರವಾನಗಿ ನಿರಾಕರಿಸುವಂತಿಲ್ಲವೆಂದು ಕಾಯ್ದೆಯ 14ನೇ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ.

3. ಅರ್ಜಿಯ ವಿಧಾನ

ವ್ಯಕ್ತಿಗಳು ನಮೂನೆ ಎ-1ರಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯೊಂದಿಗೆ ಭಾವಚಿತ್ರ, ಜನ್ಮ ದಿನಾಂಕ, ಗುರುತು ಮತ್ತು ವಿಳಾಸದ ದಾಖಲೆಗಳು, ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ ಮತ್ತು ಶಸ್ತ್ರವನ್ನು ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆಯನ್ನು ಲಗತ್ತಿಸಬೇಕು. ಬೆಳೆ ರಕ್ಷಣೆಗಾಗಿ ಅರ್ಜಿ ಸಲ್ಲಿಸುವವರು ಜಮೀನಿನ ಪಹಣಿಯನ್ನೂ ಒದಗಿಸಬೇಕು. ಶಸ್ತ್ರವನ್ನು ಹಿಡಿಯುವುದು, ಒಯ್ಯುವುದು, ನಿರ್ವಹಿಸುವುದು ಹಾಗೂ ಸಂಗ್ರಹಿಸುವುದರ ಕುರಿತ ಸುರಕ್ಷತಾ ತರಬೇತಿಯೂ ಅಗತ್ಯವಾಗಿರುತ್ತದೆ.

ಅರ್ಜಿಯು ಸ್ವೀಕೃತವಾದ ನಂತರ ಸಮೀಪದ ಪೊಲೀಸ್ ಠಾಣೆಯಿಂದ ವರದಿ ಪಡೆಯಲಾಗುತ್ತದೆ. ವಿಚಾರಣೆಗೆ ಬರುವ ಅಧಿಕಾರಿಗೆ ಶಸ್ತ್ರದ ಅಗತ್ಯವನ್ನು ಸತ್ಯವಾಗಿ ತಿಳಿಸತಕ್ಕದ್ದು. ಪರವಾನಗಿ ನಿರಾಕರಿಸಿದಲ್ಲಿ ಪ್ರಾಧಿಕಾರವು ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಸಾರ್ವಜನಿಕ ಹಿತಾಸಕ್ತಿಗೆ ಬಾಧಕವಲ್ಲದಿದ್ದಲ್ಲಿ, ಕೋರಿದ ಅರ್ಜಿದಾರರಿಗೆ ಅವುಗಳ ಸಂಕ್ಷಿಪ್ತ ವಿವರವನ್ನು ನೀಡಬೇಕು. 18ನೇ ಪ್ರಕರಣದಂತೆ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು.

4. ಶಸ್ತ್ರಗಳ ಸಂಖ್ಯೆ ಮತ್ತು ಪರವಾನಗಿಯ ಅವಧಿ

2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿಯು ಗರಿಷ್ಠ 2 ಶಸ್ತ್ರಗಳನ್ನು ಮಾತ್ರ ಹೊಂದಬಹುದು. ಹಿಂದೆ ಈ ಮಿತಿ 3 ಆಗಿತ್ತು. ವಂಶಪಾರಂಪರ್ಯವಾಗಿ ಬಂದ ಶಸ್ತ್ರಗಳಿಗೂ ಇದೇ ಮಿತಿ ಅನ್ವಯಿಸುತ್ತದೆ. ಪರವಾನಗಿಯ ಅವಧಿಯನ್ನು 3 ವರ್ಷಗಳಿಂದ 5 ವರ್ಷಗಳಿಗೆ ಹೆಚ್ಚಿಸಲಾಗಿದೆ. ಪ್ರತಿ ಪರವಾನಗಿಗೂ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯ ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು. ಅವಧಿ ಮುಗಿಯುವ ಸಾಕಷ್ಟು ಮುಂಚಿತವಾಗಿಯೇ ನವೀಕರಣಕ್ಕೆ ಅರ್ಜಿ ಸಲ್ಲಿಸುವುದು.

ಏರ್‌ಗನ್‌ಗಳ ಪೈಕಿ ಶಕ್ತಿ 20 ಜೂಲ್‌ಗಿಂತ ಹೆಚ್ಚಿರುವ ಅಥವಾ ನಳಿಗೆಯ ಅಳತೆ 0.177 ಅಂಗುಲಕ್ಕಿಂತ ಹೆಚ್ಚಿರುವವುಗಳಿಗೆ ಪರವಾನಗಿ ಅಗತ್ಯ.

5. ಸುರಕ್ಷಿತ ಸಂಗ್ರಹಣೆ

ಶಸ್ತ್ರದಿಂದ ಆಗುವ ಅವಘಡಗಳಿಗೆ ಮನೆಯೊಳಗಿನ ಅಜಾಗರೂಕತೆಯೂ ಕಾರಣವಾಗುತ್ತದೆ. ಆದ್ದರಿಂದ ಪರವಾನಗಿದಾರರು ಕೆಳಕಂಡಂತೆ ನಡೆದುಕೊಳ್ಳುವುದು:

ಅ) ಬಂದೂಕನ್ನು ಬೀಗ ಹಾಕಿದ ಉಕ್ಕಿನ ಬೀರುವಿನಲ್ಲಿ ಅಥವಾ ಪೆಟ್ಟಿಗೆಯಲ್ಲಿ ಇಡಬೇಕು. ಗೋಡೆಗೆ ತೂಗುಹಾಕುವುದು, ಅಟ್ಟದಲ್ಲಿ ಅಥವಾ ತೋಟದ ಮನೆಯಲ್ಲಿ ಬಿಟ್ಟುಬರುವುದು ಸುರಕ್ಷಿತವಲ್ಲ.
ಆ) ಬಂದೂಕಿನಲ್ಲಿ ಗುಂಡು ತುಂಬಿಸಿ ಇಡಬಾರದು. ಮದ್ದುಗುಂಡುಗಳನ್ನು ಪ್ರತ್ಯೇಕವಾಗಿ ಬೀಗ ಹಾಕಿ ಇಡಬೇಕು.
ಇ) ಬೀಗದ ಕೈ ಮಕ್ಕಳ ಕೈಗೆ ಸಿಗಬಾರದು.
ಈ) ತೋಟದಿಂದ ಮರಳಿದ ಕೂಡಲೇ, ಮನೆಯ ಹೊರಗೇ ಗುಂಡು ತೆಗೆದು ನಳಿಗೆ ಖಾಲಿಯಿರುವುದನ್ನು ಕಣ್ಣಾರೆ ಪರೀಕ್ಷಿಸಬೇಕು.
ಉ) ನೆರೆಹೊರೆಯವರಿಗಾಗಲಿ, ಕೆಲಸದವರಿಗಾಗಲಿ, ಬಂಧುಗಳಿಗಾಗಲಿ ಬಂದೂಕನ್ನು ಎರವಲು ಕೊಡಬಾರದು. ದುರಸ್ತಿಗೆ ಅಥವಾ ಪರವಾನಗಿಯ ನವೀಕರಣಕ್ಕೆ ಮಾತ್ರ ಪರವಾನಗಿದಾರರ ಲಿಖಿತ ಅಧಿಕಾರ ಪತ್ರದೊಂದಿಗೆ ಬೇರೊಬ್ಬರು ಒಯ್ಯಬಹುದು.
ಊ) ಶಸ್ತ್ರವು ಕಳೆದುಹೋದಲ್ಲಿ ಅಥವಾ ಕಳುವಾದಲ್ಲಿ ತಡಮಾಡದೆ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡಬೇಕು.

6. ಒಯ್ಯುವುದು ಮತ್ತು ಗುಂಡು ಹಾರಿಸುವುದು

ಸಾರ್ವಜನಿಕ ಸ್ಥಳಗಳಲ್ಲಿ ಶಸ್ತ್ರವನ್ನು ಚೀಲದಲ್ಲಿ ಅಥವಾ ಕವಚದಲ್ಲಿ ಮುಚ್ಚಿ, ತಮ್ಮ ಹತೋಟಿಯಲ್ಲಿಟ್ಟುಕೊಂಡು ಒಯ್ಯಬೇಕು. ಅದನ್ನು ಝಳಪಿಸುವುದು, ಮದುವೆ, ಮೆರವಣಿಗೆ, ಸಭೆ ಸಮಾರಂಭಗಳಲ್ಲಿ ಗುಂಡು ಹಾರಿಸುವುದು ನಿಷಿದ್ಧ. ಅಜಾಗರೂಕತೆಯಿಂದ ಅಥವಾ ಸಂಭ್ರಮಾಚರಣೆಗಾಗಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಥವಾ ಸುರಕ್ಷತೆಗೆ ಅಪಾಯ ಒಡ್ಡಿದಲ್ಲಿ 2 ವರ್ಷಗಳವರೆಗಿನ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಯಾರಿಗೂ ಗಾಯವಾಗಲಿಲ್ಲವೆಂಬುದು ಇದಕ್ಕೆ ಸಮಜಾಯಿಷಿಯಾಗುವುದಿಲ್ಲ.

ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆ, 2023ರ 34ರಿಂದ 44ನೇ ಪ್ರಕರಣಗಳ ಮಿತಿಗೆ ಒಳಪಟ್ಟಿದೆ. ಪರವಾನಗಿಯಿಂದ ಈ ಮಿತಿಯು ವಿಸ್ತಾರಗೊಳ್ಳುವುದಿಲ್ಲ.

7. ಬೆಳೆ ರಕ್ಷಣೆಯ ಪರವಾನಗಿದಾರರ ವಿಶೇಷ ಗಮನಕ್ಕೆ

ಮಲೆನಾಡು ಹಾಗೂ ಕಾಡಂಚಿನ ರೈತರಲ್ಲಿ, ಬೆಳೆ ರಕ್ಷಣೆಯ ಪರವಾನಗಿ ಇದ್ದರೆ ತೋಟಕ್ಕೆ ಬರುವ ಪ್ರಾಣಿಯನ್ನು ಕೊಲ್ಲಬಹುದೆಂಬ ತಪ್ಪು ತಿಳುವಳಿಕೆ ಇರುವುದುಂಟು. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972 ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಆನೆ ಮತ್ತು ನವಿಲು ಈ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಕಾಡುಹಂದಿಯು ಎರಡನೇ ಅನುಸೂಚಿಯಲ್ಲಿದೆ. ಎರಡನೇ ಅನುಸೂಚಿಯ ಪ್ರಾಣಿಯು ಮಾನವ ಜೀವಕ್ಕೆ ಅಥವಾ ಬೆಳೆ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದ್ದಲ್ಲಿ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶದ ಮೂಲಕ ಬೇಟೆಗೆ ಅನುಮತಿ ನೀಡಬಹುದು. ಅಂತಹ ಆದೇಶವಿಲ್ಲದೆ ಕೊಂದಲ್ಲಿ ಪ್ರಕರಣ ದಾಖಲಾಗಬಹುದು. ಬೆಳೆ ಹಾನಿಯಾದಾಗ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಪರಿಹಾರ ಕೋರಿ ಅರ್ಜಿ ಸಲ್ಲಿಸುವುದು.

ರಾತ್ರಿ ವೇಳೆ ಪೊದೆ ಅಲುಗಿತೆಂದು ಅಥವಾ ಸದ್ದಾಯಿತೆಂದು ಆ ಕಡೆಗೆ ಗುಂಡು ಹಾರಿಸಬಾರದು. ಅಲ್ಲಿರುವವರು ಕಾವಲಿಗೆ ಬಂದ ನೆರೆಯ ರೈತರೇ ಆಗಿರಬಹುದು. ಗುರಿಯೂ ಅದರ ಹಿಂದಿರುವ ಸ್ಥಳವೂ ಸ್ಪಷ್ಟವಾಗಿ ಕಾಣದಿದ್ದಲ್ಲಿ ಗುಂಡು ಹಾರಿಸದಿರುವುದೇ ನಿಯಮ.

ಅಭಯಾರಣ್ಯದ ಒಳಗೆ ಅಥವಾ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ವನ್ಯಜೀವಿ ಅಧಿಕಾರಿಗಳಲ್ಲಿ ನೋಂದಾಯಿಸಿಕೊಳ್ಳಬೇಕು. ಈ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಹಮತಿ ಅಗತ್ಯ.

8. ಕೊಡಗಿನ ವಿನಾಯಿತಿ

ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಇದನ್ನು 2019ರಲ್ಲಿ ಕೇಂದ್ರ ಸರ್ಕಾರವು 2029ರವರೆಗೆ ವಿಸ್ತರಿಸಿದೆ. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಇದನ್ನು ಎತ್ತಿಹಿಡಿದಿದೆ. ಇದು ಪರವಾನಗಿಗೆ ಸಂಬಂಧಿಸಿದ ವಿನಾಯಿತಿ ಮಾತ್ರ. ಅಪಾಯಕರ ರೀತಿಯಲ್ಲಿ ಗುಂಡು ಹಾರಿಸುವುದು ಮತ್ತು ವನ್ಯಜೀವಿ ಬೇಟೆ ಇವರಿಗೂ ಅಪರಾಧವೇ ಆಗಿರುತ್ತದೆ.

9. ಪರವಾನಗಿದಾರರು ಮರಣ ಹೊಂದಿದಲ್ಲಿ

ತಂದೆಯವರ ಬಂದೂಕು ಅವರ ಕಾಲಾನಂತರ ಮನೆಯಲ್ಲೇ ಉಳಿದರೆ, ಪರವಾನಗಿ ಇಲ್ಲದ ಮಕ್ಕಳು ಅಕ್ರಮವಾಗಿ ಶಸ್ತ್ರ ಹೊಂದಿದಂತಾಗುತ್ತದೆ. ಇದಕ್ಕೆ 2ರಿಂದ 5 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ಆದ್ದರಿಂದ ವಾರಸುದಾರರು ಅನಾವಶ್ಯಕ ವಿಳಂಬ ಮಾಡದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ಮಾರಾಟಗಾರರಲ್ಲಿ ಶಸ್ತ್ರವನ್ನು ಠೇವಣಿ ಇಟ್ಟು, ರಸೀದಿ ಪಡೆದು, ನಂತರ ತಮ್ಮ ಹೆಸರಿಗೆ ಪರವಾನಗಿ ಕೋರಬೇಕು. ಅವಧಿ ಮುಗಿದ ಪರವಾನಗಿಯ ಶಸ್ತ್ರಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು 25 ವರ್ಷ ಶಸ್ತ್ರ ಹೊಂದಿದ ನಂತರ, ಯಾವುದು ಮೊದಲೋ ಆಗ, ತಮ್ಮ ಜೀವಿತಾವಧಿಯಲ್ಲೇ ವಾರಸುದಾರರೊಬ್ಬರನ್ನು ಸೂಚಿಸಬಹುದು. ವಯೋವೃದ್ಧ ಪರವಾನಗಿದಾರರು ಈ ಅವಕಾಶವನ್ನು ಬಳಸಿಕೊಳ್ಳುವುದು ಸೂಕ್ತ.

10. ಚುನಾವಣಾ ಅವಧಿ

ಚುನಾವಣೆಯ ಸಂದರ್ಭದಲ್ಲಿ ಪರವಾನಗಿ ಪ್ರಾಧಿಕಾರವು ಆದೇಶಿಸಿದಲ್ಲಿ ಶಸ್ತ್ರವನ್ನು ಠೇವಣಿ ಇಟ್ಟು ರಸೀದಿ ಪಡೆಯಬೇಕು. ಚುನಾವಣೆ ಮುಗಿದ ನಂತರ ರಸೀದಿ ತೋರಿಸಿ ಹಿಂಪಡೆಯಬಹುದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಕಾಯ್ದೆ, ನಿಯಮಗಳು ಹಾಗೂ ಅಧಿಸೂಚನೆಗಳ ಮೂಲ ಪಾಠವೇ ಅಂತಿಮ. ಹೆಚ್ಚಿನ ವಿವರಗಳಿಗೆ ಜಿಲ್ಲಾಧಿಕಾರಿಗಳ ಕಚೇರಿಯ ಸಂಬಂಧಿತ ಶಾಖೆಯನ್ನು ಅಥವಾ ಸಮೀಪದ ಪೊಲೀಸ್ ಠಾಣೆಯನ್ನು ಸಂಪರ್ಕಿಸಲು ಕೋರಲಾಗಿದೆ.