ಇಳಿಯುವ ಪಾಠ

ಸೈಕಲ್ ಕಲಿಸುವವರು ಹತ್ತುವುದನ್ನು ಕಲಿಸುತ್ತಾರೆ, ತುಳಿಯುವುದನ್ನು ಕಲಿಸುತ್ತಾರೆ. ಬೆಲ್ ಹೊಡೆಯುವುದನ್ನಂತೂ ಯಾರೂ ಕಲಿಸಬೇಕಾಗಿಯೇ ಇಲ್ಲ. ಇಳಿಯುವುದನ್ನು ಮಾತ್ರ ನನಗೆ ಯಾರೂ ಹೇಳಿಕೊಡಲಿಲ್ಲ.

1967ರ ಬೇಸಿಗೆ ರಜ. ನನಗೆ ಹದಿಮೂರು ವರ್ಷ. ಅಣ್ಣ ಗಂಟೆಗೆ ನಾಲ್ಕಾಣೆಯಂತೆ ಬಾಡಿಗೆ ಸೈಕಲ್ ತಂದು, ಕೆರೆ ಏರಿಯ ಮೇಲೆ ನನ್ನನ್ನು ಸೀಟಿಗೇ ಹತ್ತಿಸಿದ. ಒಳಪೆಡಲ್ ಆಗಿದ್ದರೆ ಹೇಗೋ ಧುಮುಕಬಹುದಿತ್ತು. ಇದು ಗಂಡಸರ ಸೈಕಲ್ಲು, ನಡುವೆ ಬಾರು, ಬ್ರೇಕು ಹೆಸರಿಗೆ ಮಾತ್ರ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತೆ. ಕ್ಯಾರಿಯರ್ ಹಿಡಿದು ಹಿಂದೆ ಓಡಿಬರುತ್ತಿದ್ದವನು ಯಾವಾಗ ಕೈಬಿಟ್ಟನೋ ಗೊತ್ತಾಗಲೇ ಇಲ್ಲ. ಎಂಥ ಸುಖ ಅಂತೀರಿ! ಏರಿ ಮುಗಿಯಿತು, ಇಳಿಜಾರು ಬಂತು. "ಅಣ್ಣಾ, ಇಳಿಯೋದು ಹೇಗೋ?" ಎಂದು ಕೂಗಿದೆ. ಅವನು ಏರಿಯ ಮೇಲೆ ನಿಂತು ನಗುತ್ತಿದ್ದ. ಕೊನೆಗೆ ನಾನು ಇಳಿದದ್ದು ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಕಲ್ಲಿನ ರಾಶಿಗೆ. ಬಲಗೈ ಮಣಿಕಟ್ಟು ಮುರಿಯಿತು.

ಕೈ ಒಂದೂವರೆ ತಿಂಗಳಲ್ಲಿ ಕೂಡಿಕೊಂಡಿತು. ಆದರೆ ಮೂರು ವರ್ಷದ ನಂತರ ಎಸ್ಸೆಸ್ಸೆಲ್ಸಿ ಪಾಸಾದಾಗ, ಕಾಲೇಜು ಇದ್ದದ್ದು ಐದು ಮೈಲಿ ದೂರದ ತಾಲ್ಲೂಕು ಊರಿನಲ್ಲಿ. ಬೆಳಗಿನ ಬಸ್ಸು ಅಲ್ಲಿಗೆ ತಲುಪುವ ಹೊತ್ತಿಗೆ ಎರಡು ಪಿರಿಯಡ್ ಮುಗಿದಿರುತ್ತಿತ್ತು. ಅಣ್ಣ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದ. ಅಪ್ಪ ಊಟ ಮಾಡುತ್ತಾ, "ಅದು ಒಂದು ಸಲ ಕೈ ಮುರ್ಕೊಂಡಿದೆ, ಅದಕ್ಕೆ ಸೈಕಲ್ ಸಹವಾಸ ಬೇಡ" ಎಂದರು. ಮಜ್ಜಿಗೆ ಅನ್ನ ಕಲೆಸುವಷ್ಟರಲ್ಲಿ ನನ್ನ ಕಾಲೇಜು ಮುಗಿದುಹೋಯಿತು. ಹತ್ತೊಂಬತ್ತಕ್ಕೆ ಮದುವೆ. ಪಿಯುಸಿ, ಬಿ.ಎ. ಎಲ್ಲ ಎರಡು ಮಕ್ಕಳಾದ ಮೇಲೆ ಖಾಸಗಿಯಾಗಿ ಕಟ್ಟಿದ್ದು.

ಇದನ್ನೆಲ್ಲ ಮರೆತೇಬಿಟ್ಟಿದ್ದೆ. 2019ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ಮಗಳ ಮನೆಗೆ ಹೋದಾಗ ಮೊಮ್ಮಗ ನೆನಪು ಮಾಡಿಕೊಟ್ಟ. ಹದಿನೈದರ ಹುಡುಗ. ಹಿತ್ತಲಲ್ಲಿ ಎತ್ತಿನ ಗಾಡಿಯ ಗಾಲಿಯಂಥದೊಂದನ್ನು ಬೇಲಿಗೆ ಒರಗಿಸಿಕೊಂಡು ಪೇಚಾಡುತ್ತಿದ್ದ.

"ಇದೇನೋ, ಇನ್ನೊಂದು ಚಕ್ರ ಎಲ್ಲೋ?"

"ಇದಕ್ಕೆ ಒಂದೇ ಅಜ್ಜಿ."

ಸರ್ಕಸ್ಸಿನಲ್ಲಿ ನೀವೂ ಒಂಟಿ ಚಕ್ರದ ಸೈಕಲ್ ನೋಡಿರುತ್ತೀರಿ. ಅದರ ಗಾಲಿ ಸಾಮಾನ್ಯವಾಗಿ ಇಪ್ಪತ್ತು ಇಂಚಿನದು. ಇವನದು 36 ಇಂಚು, ದೂರ ದಾರಿಗೆಂದೇ ಮಾಡಿದ್ದು. ಹಳೇ ಕಾಲದ ಕಾರುಗಳಿಗೆ ಟೈರು ಮಾಡುವ ಅಮೆರಿಕದ ಕೋಕರ್ ಕಂಪನಿ 1990ರ ದಶಕದ ಕೊನೆಗೆ ಇಂಥ ಗಾಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಇದರ ಹುಚ್ಚು ಹಬ್ಬಿತಂತೆ. ಎಡ್ ಪ್ರಾಟ್ ಎಂಬ ಇಂಗ್ಲಿಷ್ ಹುಡುಗ 2015ರಲ್ಲಿ ಹೊರಟು ಇಂಥದ್ದರ ಮೇಲೆಯೇ ಲೋಕ ಸುತ್ತಿ 2018ರಲ್ಲಿ ಮನೆ ಸೇರಿದ. ಮೊಮ್ಮಗನಿಗೆ ಅವನೇ ದೇವರು.

ಇದಕ್ಕೆ ಚೈನಿಲ್ಲ, ಫ್ರೀವೀಲ್ ಇಲ್ಲ. ಪೆಡಲು ಗಾಲಿಯ ಗುಂಬಕ್ಕೇ ಕೂತಿದೆ. ಕಾಲು ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು, ಒಂಬತ್ತು ಅಡಿಗೂ ಮೀರಿ ದಾರಿ. ಗಾಲಿ ತಿರುಗುವವರೆಗೂ ಕಾಲಿಗೆ ಬಿಡುವಿಲ್ಲ. ಹಾಗಿದ್ದರೆ ಇಳಿಯುವುದು ಹೇಗೆ? ನನಗೆ ಬೇಕಾದದ್ದು ಆ ಒಂದೇ ಪ್ರಶ್ನೆ.

ಹುಡುಗ ಒಂದು ವಾರ ಅದನ್ನೇ ಕಲಿತ. ಸವಾರಿಯಲ್ಲ, ಬರೀ ಇಳಿಯುವುದು. ಬೇಲಿ ಹಿಡಿದು ಹತ್ತುವುದು, ಎರಡು ಸುತ್ತು ತುಳಿಯುವುದು, ಇಳಿಯುವುದು. ಮತ್ತೆ ಹತ್ತುವುದು, ಇಳಿಯುವುದು. ನಾನು ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಸೋಸುತ್ತಾ ನೋಡುತ್ತಿದ್ದೆ. ಮೊದಲು, ಮೇಲೆದ್ದು ಬರುವ ಪೆಡಲನ್ನು ಕಾಲಿಂದ ಮೆಲ್ಲಗೆ ತಡೆತಡೆದು ವೇಗ ಇಳಿಸಬೇಕು, ಏಕಾಏಕಿ ಒತ್ತಿದರೆ ಗಾಲಿ ನಿಂತು ಮೈ ಮುಂದಕ್ಕೆ ಹಾರುತ್ತದೆ. ಆಮೇಲೆ ಒಂದು ಪೆಡಲು ತೀರ ಕೆಳಗೆ ಬಂದ ಗಳಿಗೆಯಲ್ಲಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಒಂದು ಕೈಯಲ್ಲಿ ಸೀಟಿನ ಮುಂದಿನ ಹಿಡಿ ಹಿಡಿದು, ಮೇಲಿನ ಕಾಲನ್ನು ತೆಗೆದು ಹಿಂದಕ್ಕೆ ನೆಲಕ್ಕೆ ಇಡಬೇಕು. ಅಳೆದು ನೋಡಿದೆವು. ಕೂತವನ ತಲೆ ಮಾಳಿಗೆ ಮುಟ್ಟುವ ಹಾಗೆ ಕಂಡರೂ, ಕೆಳಗಿನ ಪೆಡಲಿಗೂ ನೆಲಕ್ಕೂ ಒಂದೇ ಅಡಿ ಅಂತರ! ನಮ್ಮ ಹಳೇ ಮನೆಯ ಜಗಲಿ ಇದಕ್ಕಿಂತ ಎತ್ತರವಿತ್ತು. ಹೆದರಿಕೆ ಇರುವುದು ಸೀಟಿನಲ್ಲಿ, ಇಳಿಯುವುದು ಪೆಡಲಿನಿಂದ.

"ಜೋರಾಗಿ ಹೋಗುವಾಗ ಬಿದ್ದರೆ?" ಎಂದೆ.

"ಮುಂದಕ್ಕೆ ಬೀಳೋದು ಅಜ್ಜಿ, ಬಿದ್ದವನು ಓಡ್ತಾ ಹೋಗಬೇಕು. ಅದಕ್ಕೇ ನಾನು ಎಷ್ಟು ಓಡಬಲ್ಲೆನೋ ಅದಕ್ಕಿಂತ ಜೋರಾಗಿ ತುಳಿಯಲ್ಲ." ಅಂದರೂ ಮಣಿಕಟ್ಟಿಗೆ ಗಟ್ಟಿ ಪಟ್ಟಿ ಕಟ್ಟಿಕೊಂಡಿದ್ದ. ಬೀಳುವವರು ಮೊದಲು ಕೈ ಊರುತ್ತಾರಂತೆ. ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಕವೆಂಟ್ರಿ ಸೈಕಲ್ಲಿನ ತವರು. ಅಲ್ಲಿನ ಸಾರಿಗೆ ವಸ್ತು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ ಮೊಮ್ಮಗ, ತನ್ನ ಗಾಲಿಯ ಅಜ್ಜನನ್ನು ತೋರಿಸಿದ. ಮುಂದೆ ಆಳೆತ್ತರದ ಗಾಲಿ, ಹಿಂದೆ ತಟ್ಟೆಯಷ್ಟು ಗಾಲಿ. ದೊಡ್ಡ ಪೆನ್ನಿ ನಾಣ್ಯದ ಪಕ್ಕ ಚಿಕ್ಕ ಫಾರ್ದಿಂಗ್ ಇಟ್ಟ ಹಾಗೆ ಕಾಣುವುದರಿಂದ ಪೆನ್ನಿ-ಫಾರ್ದಿಂಗ್ ಎಂಬ ಹೆಸರು ನಿಂತಿತು. ಇದಕ್ಕೂ ಪೆಡಲು ಗಾಲಿಯ ಗುಂಬಕ್ಕೇ ಇರುವುದರಿಂದ ವೇಗ ಬೇಕೆಂದರೆ ಗಾಲಿಯನ್ನೇ ದೊಡ್ಡದು ಮಾಡಬೇಕು, ಸವಾರನ ಕಾಲು ಎಟುಕುವವರೆಗೆ.

ನನಗೆ ಆಶ್ಚರ್ಯವಾದದ್ದು ಬೇರೆ. ಇವನ್ನು ಮಾಡಿದ ಜೇಮ್ಸ್ ಸ್ಟಾರ್ಲಿ ಮೂಲತಃ ಹೊಲಿಗೆ ಯಂತ್ರದ ಮನುಷ್ಯ! ಅವನಿದ್ದ ಹೊಲಿಗೆ ಯಂತ್ರದ ಕಾರ್ಖಾನೆಗೆ 1868ರಲ್ಲಿ ಪ್ಯಾರಿಸ್ಸಿನಿಂದ ಒಂದು ಪೆಡಲು ಗಾಡಿ ಬಂತು. ಅಲ್ಲಿಂದ ಕಾರ್ಖಾನೆಯ ದಾರಿಯೇ ಬದಲಾಯಿತು. 1870ರಲ್ಲಿ ಅವನೂ ವಿಲಿಯಂ ಹಿಲ್‌ಮನ್ ಎಂಬುವನೂ ಕೂಡಿ 'ಏರಿಯಲ್' ಎಂಬ ಎತ್ತರದ ಸೈಕಲ್ಲಿಗೆ ಪೇಟೆಂಟ್ ಪಡೆದರು. ಹೆಂಗಸರಿಗೆಂದು ಎರಡು ಪೆಡಲೂ ಒಂದೇ ಪಕ್ಕಕ್ಕಿರುವ, ಅಡ್ಡ ಕೂತು ತುಳಿಯುವ ಗಾಡಿಯನ್ನೂ ಸ್ಟಾರ್ಲಿ ಮಾಡಿ ನೋಡಿದ. ಯಾರು ಹತ್ತಿಯಾರು? ನೆಲ ಗುಡಿಸುವ ಆ ನಿಲುವಂಗಿಗಳಲ್ಲಿ ಹೆಂಗಸರಿಗೆ ಉಳಿದದ್ದು ಮೂರು ಗಾಲಿಯ ಗಾಡಿ. 1881ರಲ್ಲಿ ವಿಕ್ಟೋರಿಯಾ ರಾಣಿಯೇ ಸ್ಟಾರ್ಲಿಯ ಮೂರು ಗಾಲಿಯ ಎರಡು ಗಾಡಿ ತರಿಸಿಕೊಂಡಳು.

ಎತ್ತರದ ಸೈಕಲ್ಲಿನಿಂದ ಇಳಿಯುವುದೇ ಒಂದು ವಿದ್ಯೆ. ಹಿಂದಿನ ಚಿಕ್ಕ ಗಾಲಿಯ ಮೇಲ್ಗಡೆ ಎಡಗಾಲು ಊರಲು ಒಂದು ಪುಟ್ಟ ಮೆಟ್ಟಿಲಿರುತ್ತದೆ. ಹತ್ತುವುದೂ ಅದರ ಮೇಲೇ, ಇಳಿಯುವುದೂ ಅದರ ಮೇಲೇ. ಆದರೆ ಇಳಿಯುವಾಗ ಅದು ಬೆನ್ನ ಹಿಂದೆ, ಕಣ್ಣಿಗೆ ಕಾಣುವುದಿಲ್ಲ. ಗಾಡಿ ಚಲಿಸುತ್ತಿರುವಾಗಲೇ ಕಾಲಿನಿಂದ ತಡಕಿ ಹುಡುಕಬೇಕು. ತಪ್ಪಿದರೆ, ಅಥವಾ ದಾರಿಯಲ್ಲಿ ಕಲ್ಲು ಸಿಕ್ಕಿದರೆ, ಹ್ಯಾಂಡಲ್ ಮೇಲಿಂದ ತಲೆಕೆಳಗಾಗಿ ಬೀಳುವುದು. ಇಳಿಜಾರಿನಲ್ಲಿ ಕೆಲವರು ಕಾಲುಗಳನ್ನು ಹ್ಯಾಂಡಲ್ಲಿನ ಆಚೆಗೆ ಹಾಕಿಕೊಂಡೇ ಕೂರುತ್ತಿದ್ದರಂತೆ, ಎಸೆದರೂ ಕಾಲ ಮೇಲೆ ಬೀಳಲಿ ಎಂದು. ಇಂಥದ್ದರ ಮೇಲೆ ಥಾಮಸ್ ಸ್ಟೀವನ್ಸ್ ಎಂಬಾತ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, 1886ರಲ್ಲಿ ನಮ್ಮ ಲಾಹೋರ್-ಕಲ್ಕತ್ತೆಯ ಹೆದ್ದಾರಿಯನ್ನೂ ತುಳಿದು, ಅದೇ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮಾ ಸೇರಿದ. ("ನಮ್ಮ ಲಾಹೋರ್" ಎಂದು ಆಗ ಬರೆಯಬಹುದಿತ್ತು.)

ಸಾಹಿತಿ ಮಾರ್ಕ್ ಟ್ವೇನನೂ 1884ರ ಸುಮಾರಿಗೆ ಮೇಷ್ಟರನ್ನಿಟ್ಟುಕೊಂಡು ಇದನ್ನು ಕಲಿತ. ಇಳಿಯುವುದು ಎಲ್ಲಕ್ಕಿಂತ ಕಷ್ಟ, ಅದನ್ನು ಕೊನೆಗೆ ಇಟ್ಟುಕೊಳ್ಳೋಣ ಎಂದರಂತೆ ಮೇಷ್ಟರು. ಹತ್ತಿಸಿ ಪಕ್ಕಕ್ಕೆ ಸರಿದು ನಿಂತರೆ ಸಾಕು, ಇಳಿಯುವುದನ್ನು ತಾನೇ ಮಾಡಿಕೊಳ್ಳುತ್ತಿದ್ದೆ ಎಂದು ಟ್ವೇನ್ ತಮಾಷೆ ಮಾಡಿದ್ದಾನೆ. ಓದಿ ನಕ್ಕೆ. ಆಮೇಲೆ ಅಷ್ಟು ನಗು ಬರಲಿಲ್ಲ. ಅವನು ಬಿದ್ದರೆ ಒಂದು ಪ್ರಬಂಧವಾಯಿತು.

ಜೇಮ್ಸ್ ಸ್ಟಾರ್ಲಿಯ ಅಣ್ಣನ ಮಗನೋ ತಮ್ಮನ ಮಗನೋ, ಅಂತೂ ಆ ಮನೆಯ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮನಾದ, ಚೈನು ಹಾಕಿದ 'ರೋವರ್' ತಂದ. ಕಾಲು ನೆಲಕ್ಕೆ ಹತ್ತಿರವಾಯಿತು. ಹೆಂಗಸರು ಸೈಕಲ್ ಹತ್ತಿದ್ದು ಆಮೇಲೆಯೇ.

ಅವರಲ್ಲಿ ನನಗೆ ಇಷ್ಟವಾದವಳು ಅಮೆರಿಕದ ಫ್ರಾನ್ಸಿಸ್ ವಿಲಾರ್ಡ್. ಪಾನನಿರೋಧ ಚಳವಳಿಯ ದೊಡ್ಡ ನಾಯಕಿ. ತಾಯಿ ತೀರಿಕೊಂಡು, ಆರೋಗ್ಯ ಕುಸಿದಿದ್ದಾಗ, ಐವತ್ತಮೂರನೇ ವಯಸ್ಸಿನಲ್ಲಿ ಸೈಕಲ್ ಕಲಿತಳು. ಸೈಕಲ್ಲಿಗೆ ಗ್ಲ್ಯಾಡಿಸ್ ಎಂದು ಹೆಸರಿಟ್ಟಳು. 1895ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದಳು. ದಿನಕ್ಕೆ ಕಾಲು ಗಂಟೆಯಂತೆ ಮೂರು ತಿಂಗಳು ಹಿಡಿಯಿತು ಎಂದು ಲೆಕ್ಕ ಕೊಟ್ಟು, ಕಲಿತ ಕ್ರಮವನ್ನೂ ಹೇಳಿದ್ದಾಳೆ: ತುಳಿಯುವುದು, ತಿರುಗಿಸುವುದು, ಇಳಿಯುವುದು, ಕೊನೆಗೆ ಯಾರ ಸಹಾಯವಿಲ್ಲದೆ ಹತ್ತುವುದು. ನೋಡಿ, ಇಳಿಯುವುದು ಮೂರನೆಯದು, ಹತ್ತುವುದು ನಾಲ್ಕನೆಯದು! ಈ ಸಾಲನ್ನು ಮೊಮ್ಮಗನಿಗೆ ತೋರಿಸಿದೆ. "ಮತ್ತೇನು ಅಜ್ಜಿ, ಅದೇ ಸರಿ ಅಲ್ವಾ?" ಎಂದು ಗಾಲಿ ಎತ್ತಿಕೊಂಡು ಹೋದ.

ಊರಿಗೆ ಬಂದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಅವನಿಗೀಗ ಮಂಡಿನೋವು, ಮೆಟ್ಟಿಲಿಳಿಯಲೂ ಕೋಲು. ಅದೂ ಇದೂ ಮಾತಾಡಿ, "ಅಲ್ಲ ಕಣೋ, ಆವತ್ತು ನನಗೆ ಇಳಿಯೋದನ್ನ ಯಾಕೋ ಹೇಳಿಕೊಡಲಿಲ್ಲ?" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ.

"ನನಗೆ ಬರ್ತಿದ್ರೆ ತಾನೇ ಹೇಳಿಕೊಡೋದು? ಕೆರೆ ತೂಬಿನ ಹತ್ರ ಒಂದು ಮೈಲಿಗಲ್ಲಿತ್ತಲ್ಲ, ಅದಕ್ಕೆ ಕಾಲು ಕೊಟ್ಟು ಇಳೀತಿದ್ದೆ ನಾನು. ಕಾಲೇಜಿನ ಹತ್ರ ಸೇತುವೆ ಕಟ್ಟೆ. ಎರಡು ವರ್ಷ ಹಾಗೇ ಹೋಗಿಬಂದೆ" ಎಂದ. ಆಮೇಲೆ, "ಅಪ್ಪನಿಗೆ ಹೇಳಬೇಕಾಗಿತ್ತು ಕಣೇ" ಎಂದ.