ಸ್ಪುಟ್ನಿಕ್ ಪಾಠದಲ್ಲಿ ನಾನು ಹೇಳದೆ ಬಿಟ್ಟದ್ದು



ಅಮೆರಿಕದಲ್ಲಿ ಓದುತ್ತಿರುವ ನನ್ನ ತಮ್ಮನ ಮಗಳು ಕಳೆದ ತಿಂಗಳು ದೂರವಾಣಿಯಲ್ಲಿ, “ದೊಡ್ಡಪ್ಪ, ಪಶ್ಚಿಮ ಏಷ್ಯಾ ಅಧ್ಯಯನದ ಪದವಿಗೆ ಸೇರಿದ್ದೇನೆ. ಅರಬ್ಬಿ ಭಾಷೆ ಕಡ್ಡಾಯ” ಎಂದಳು. “ಅದನ್ನು ಕಲಿತು ಏನು ಮಾಡುತ್ತಾಳೆ?” ಎಂದು ಮನೆಯವರು ಕೇಳಿದರು. ನನಗೆ ಮಾತ್ರ, ನಾನು ಅರ್ಧಕ್ಕೇ ಬಿಟ್ಟ ಒಂದು ಪಾಠದ ನೆನಪಾಯಿತು.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಸಂಗತಿಯನ್ನು ನಿಮ್ಮಲ್ಲಿ ಅನೇಕರು ನನ್ನ ತರಗತಿಯಲ್ಲಿ ಕೇಳಿದ್ದೀರಿ. ಅಮೆರಿಕ ಬೆಚ್ಚಿತು, ಬಾಹ್ಯಾಕಾಶದ ಪೈಪೋಟಿ ಆರಂಭವಾಯಿತು ಎಂದು ಹೇಳಿ ನಾನು ಪುಟ ತಿರುವುತ್ತಿದ್ದೆ. ಆ ಭಯವು ವಿಶ್ವವಿದ್ಯಾಲಯಗಳ ಭಾಷಾ ತರಗತಿಗಳನ್ನೂ ಬದಲಿಸಿತೆಂಬುದನ್ನು ಹೇಳಲಿಲ್ಲ.

ಪಶ್ಚಿಮದ ವಿಶ್ವವಿದ್ಯಾಲಯಗಳಿಗೆ ಅರಬ್ಬಿ ಹೊಸದೇನಲ್ಲ. ಆಕ್ಸ್‌ಫರ್ಡ್‌ನಲ್ಲಿ 1636ರಲ್ಲಿಯೇ ಎಡ್ವರ್ಡ್ ಪೊಕಾಕ್ ಅವರು ಅರಬ್ಬಿಯ ಮೊದಲ ಪ್ರಾಧ್ಯಾಪಕರಾದರು. ಆದರೆ ಅಂದು ಅದು ಬಹುಮಟ್ಟಿಗೆ ಹಸ್ತಪ್ರತಿಗಳ ಭಾಷೆ. ಹೀಬ್ರೂ ಮತ್ತು ಬೈಬಲ್ ಅಧ್ಯಯನಕ್ಕೆ ಊರುಗೋಲು. ಎರಡನೆಯ ಮಹಾಯುದ್ಧದ ನಂತರ, ಒಂದು ಪ್ರದೇಶದ ಭಾಷೆ, ಇತಿಹಾಸ, ರಾಜಕೀಯ, ಅರ್ಥವ್ಯವಸ್ಥೆಗಳನ್ನು ಒಟ್ಟಾಗಿ ಓದುವ ಕ್ರಮ ಅಮೆರಿಕದಲ್ಲಿ ಬೆಳೆಯಿತು. ಲೆಬನಾನ್ ಮೂಲದ ಫಿಲಿಪ್ ಹಿಟ್ಟಿಯವರ ಶ್ರಮದಿಂದ ಪ್ರಿನ್ಸ್‌ಟನ್‌ನಲ್ಲಿ 1947ರಲ್ಲಿ ಇಂಥ ವ್ಯಾಸಂಗಕ್ರಮ ಆರಂಭವಾಯಿತು.

ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ಬಂದಿತು. ಅರಬ್ಬಿ, ಚೀನೀ, ಹಿಂದಿ-ಉರ್ದು, ಜಪಾನೀ, ಪೋರ್ಚುಗೀಸ್, ರಷ್ಯನ್ ಭಾಷೆಗಳಿಗೆ ಆದ್ಯತೆ ದೊರೆಯಿತು. ಅಧ್ಯಯನ ಕೇಂದ್ರಗಳಿಗೆ ಸರ್ಕಾರದ ಹಣ ಹರಿಯಿತು. ಕಾಯಿದೆಯ ಹೆಸರಿನಲ್ಲಿಯೇ ‘ರಕ್ಷಣೆ’ ಇದ್ದುದನ್ನು ಗಮನಿಸಿ. 2001ರ ಸೆಪ್ಟೆಂಬರ್ ದಾಳಿಯ ನಂತರವೂ ಹಾಗೆಯೇ ಆಯಿತು. ಅಮೆರಿಕದ ಕಾಲೇಜುಗಳಲ್ಲಿ ಅರಬ್ಬಿ ಕಲಿಯುವವರು 2002ರಲ್ಲಿ ಸುಮಾರು 10,600 ಇದ್ದವರು 2006ರ ವೇಳೆಗೆ ಸುಮಾರು 24,000 ಆದರು.

ಭಯದಿಂದ ತರಗತಿಯ ಬಾಗಿಲು ತೆರೆಯಬಹುದು. ಒಳಗೆ ಕುಳಿತು ಕಲಿಯಲು ಅದು ಸಾಲದು. ಇಪ್ಪತ್ತೆಂಟು ಅಕ್ಷರಗಳು, ಬಲದಿಂದ ಎಡಕ್ಕೆ ಬರವಣಿಗೆ, ಪದದಲ್ಲಿನ ಸ್ಥಾನಕ್ಕೆ ತಕ್ಕಂತೆ ಬದಲಾಗುವ ಅಕ್ಷರರೂಪ. ಅದನ್ನು ದಾಟಿದರೆ ಇನ್ನೊಂದು ತೊಡಕು: ಗ್ರಂಥದ ಅರಬ್ಬಿ ಬೇರೆ, ಕೈರೋದ ಬೀದಿಯ ಮಾತು ಬೇರೆ, ಮೊರಾಕೋದ ಮಾತು ಮತ್ತೂ ಬೇರೆ. ಅದಕ್ಕೆಂದೇ ಅಮೆರಿಕದ ವಿದ್ಯಾರ್ಥಿಗಳನ್ನು ಅರಬ್ಬರ ನಡುವೆಯೇ ಇಟ್ಟು ಕಲಿಸುವ ಕೇಂದ್ರವೊಂದು 1967ರಲ್ಲಿ ಕೈರೋದಲ್ಲಿ ಆರಂಭವಾಯಿತು. ನೆರೆಯವನೊಡನೆ ಮಾತನಾಡುತ್ತ, ತಪ್ಪಾಡಿ ನಗೆಗೀಡಾಗುತ್ತ ವರ್ಷ ಕಳೆದವನಿಗೆ ಆ ಜನ ಬರಿಯ ಪತ್ರಿಕೆಯ ಸುದ್ದಿಯಾಗಿ ಉಳಿಯುವುದಿಲ್ಲ.

ಮೊನ್ನೆ ಮಗು ಮತ್ತೆ ಕರೆ ಮಾಡಿ, “ದೊಡ್ಡಪ್ಪ, ನಾವು ಹೇಳುವ ‘ತಾರೀಖು’ ಅರಬ್ಬಿಯಿಂದ ಬಂದ ಪದವಂತೆ. ಅಲ್ಲಿ ಅದಕ್ಕೆ ಇತಿಹಾಸ ಎಂಬ ಅರ್ಥವೂ ಇದೆ” ಎಂದಳು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಿಮ್ಮಿಂದ ತಾರೀಖುಗಳನ್ನು ಬಾಯಿಪಾಠ ಮಾಡಿಸಿದ ನನಗೆ ಇದು ತಿಳಿದಿರಲಿಲ್ಲ. ಅವಳು ಅರಬ್ಬಿ ಕಲಿತು ಏನು ಮಾಡುತ್ತಾಳೆಂದು ಕೇಳಿದವರಿಗೆ ಈಗ ಹೇಳುತ್ತೇನೆ: ಸದ್ಯಕ್ಕೆ ನನಗೆ ಪಾಠ ಹೇಳುತ್ತಿದ್ದಾಳೆ.